ಹಳೆಯ ಜೀಪಿಗೆ ಡೀಸೆಲ್ ಎಂಜಿನು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಸಂಕೋಚವಾಯಿತು. ನಾನು ಸಾಹಿತಿಯಲ್ಲ, ಶಿಕ್ಷಕನೂ ಅಲ್ಲ. ಈ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಆಮೇಲೆ ಐ.ಟಿ.ಐ. ಮುಗಿಸಿ, ಮೂವತ್ತು ವರ್ಷಕ್ಕೂ ಮಿಕ್ಕಿ ವಾಹನಗಳ ದುರಸ್ತಿಯನ್ನೇ ಜೀವನೋಪಾಯವಾಗಿ ಮಾಡಿಕೊಂಡವನು. "ನಿಮಗೆ ಗೊತ್ತಿರುವುದನ್ನೇ ಬರೆಯಿರಿ" ಎಂದು ಅವರು ಧೈರ್ಯ ಹೇಳಿದರು. ನನಗೆ ಚೆನ್ನಾಗಿ ಗೊತ್ತಿರುವುದು ಒಂದೇ: ಪೆಟ್ರೋಲಿನಿಂದ ಓಡುವ ಹಳೆಯ ಜೀಪಿಗೆ ಡೀಸೆಲ್ ಎಂಜಿನನ್ನು ಕೂರಿಸುವ ಕೆಲಸ. ಸ್ಮರಣ ಸಂಚಿಕೆಯಲ್ಲಿ ಇದಕ್ಕೇನು ಸ್ಥಾನ ಎಂದು ಕೆಲವರಿಗೆ ಅನಿಸಬಹುದು. ಆ ಕೆಲಸದ ಬಹುಮುಖ್ಯ ಪಾಠವನ್ನು ನಾನು ಕಲಿತದ್ದು ಗ್ಯಾರೇಜಿನಲ್ಲಲ್ಲ, ಈ ಶಾಲೆಯ ಕರಿಹಲಗೆಯ ಮುಂದೆ. ಆದುದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ನಮ್ಮ ಸೀಮೆ ಮತ್ತು ಜೀಪು

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಜಹೀರಾಬಾದ ಮತ್ತು ನಾರಾಯಣಖೇಡ ಪ್ರದೇಶಗಳು ಬೀದರ ಜಿಲ್ಲೆಯಿಂದಲೂ, ತಾಂಡೂರು ಗುಲಬರ್ಗಾ ಜಿಲ್ಲೆಯಿಂದಲೂ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ಅವು ತೆಲಂಗಾಣದಲ್ಲಿವೆ. ನಕ್ಷೆಯ ಗೆರೆ ಬದಲಾದರೂ ನೆಲ ಬದಲಾಗಲಿಲ್ಲ. ಮಂಜೀರಾ ನದಿಯ ಕಡೆಗೆ ಇಳಿದರೆ ಎರೆಭೂಮಿ; ಮಳೆ ಬಿದ್ದರೆ ಗಾಲಿಗೆ ಅಂಟಿಕೊಂಡು ಬಿಡದ ಕರಿಯ ಮಣ್ಣು. ದಿಬ್ಬ ಹತ್ತಿದರೆ ಕೆಂಪು ಮೊರಂ, ಕಲ್ಲು. ತಾಂಡೂರಿನ ಕಡೆ ಹಾಸುಗಲ್ಲಿನ ಗಣಿಗಳು. ಡಾಂಬರು ರಸ್ತೆಗಳು ವಿರಳವಾಗಿದ್ದ ಆ ಕಾಲದಲ್ಲಿ ಮಳೆಗಾಲದಲ್ಲಿ ಹಳ್ಳಿಗೆ ಬರುತ್ತಿದ್ದುದು ಎರಡೇ: ಎತ್ತಿನ ಬಂಡಿ ಮತ್ತು ನಾಲ್ಕೂ ಗಾಲಿಗಳಿಗೆ ಬಲ ಕೊಡುವ ಜೀಪು.

ಈ ಜೀಪಿನ ಮೂಲಪುರುಷನು ಎರಡನೆಯ ಮಹಾಯುದ್ಧದ ಸಮಯದಲ್ಲಿ, 1941ರಲ್ಲಿ, ಅಮೆರಿಕದ ವಿಲ್ಲಿಸ್-ಓವರ್‌ಲ್ಯಾಂಡ್ ಕಂಪನಿಯಲ್ಲಿ ತಯಾರಾದ 'ಎಂ.ಬಿ.' ಮಾದರಿ. ಅದರ ಪೆಟ್ರೋಲ್ ಎಂಜಿನಿನ ಗಾತ್ರ 2,199 ಸಿ.ಸಿ., ಬಲ 60 ಅಶ್ವಶಕ್ತಿ. ಯುದ್ಧ ಮುಗಿದ ಮೇಲೆ ಜೀಪು ರೈತರ, ಸರ್ಕಾರಿ ಇಲಾಖೆಗಳ ವಾಹನವಾಯಿತು. 1953ರಲ್ಲಿ ಬಂದ 'ಸಿ.ಜೆ.-3ಬಿ' ಮಾದರಿಯಲ್ಲಿ ಹೆಚ್ಚು ಎತ್ತರದ ಎಂಜಿನನ್ನು ಕೂರಿಸಬೇಕಾದುದರಿಂದ ಬಾನೆಟ್ಟನ್ನೂ ಎತ್ತರಿಸಿದರು. ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿಯವರು ಪರವಾನಗಿ ಪಡೆದು ದಶಕಗಳ ಕಾಲ ತಯಾರಿಸಿದ್ದು ಈ ಎತ್ತರದ ಮೂತಿಯ ಜೀಪನ್ನೇ. ಡೀಸೆಲ್ ಎಂಜಿನು ಪೆಟ್ರೋಲ್ ಎಂಜಿನಿಗಿಂತ ಎತ್ತರ. ಆ ಬಾನೆಟ್ಟಿನ ಎತ್ತರವೇ ಮುಂದೆ ಡೀಸೆಲ್ ಎಂಜಿನಿಗೆ ಜಾಗ ಮಾಡಿಕೊಟ್ಟಿತು.

ನನ್ನ ತಂದೆಯವರು ಹರಾಜಿನಲ್ಲಿ ಕೊಂಡದ್ದೂ ಇಂಥದೇ ಒಂದು ಜೀಪು. ಹೊಲದಿಂದ ತೊಗರಿ ಮೂಟೆ ತರಲು, ಬಾಣಂತಿಯರನ್ನು ಆಸ್ಪತ್ರೆಗೆ ಮುಟ್ಟಿಸಲು, ಮದುವೆಯ ದಿಬ್ಬಣಕ್ಕೆ, ಎಲ್ಲಕ್ಕೂ ಅದೇ ಆಧಾರ. ಆದರೆ ಲೀಟರು ಪೆಟ್ರೋಲಿಗೆ ಏಳೆಂಟು ಕಿಲೋಮೀಟರಿಗಿಂತ ಹೆಚ್ಚು ಓಡುತ್ತಿರಲಿಲ್ಲ. 1973ರ ತೈಲ ಬಿಕ್ಕಟ್ಟಿನ ಮೇಲೆ ಪೆಟ್ರೋಲಿನ ಬೆಲೆ ಏರುತ್ತಲೇ ಹೋಯಿತು. ಡೀಸೆಲು ಬಹಳ ಅಗ್ಗವಾಗಿ ಉಳಿಯಿತು. ಹೀಗಾಗಿ ಊರೂರುಗಳಲ್ಲಿ ಜೀಪುಗಳ ಎಂಜಿನು ಬದಲಿಸುವ ಕೆಲಸ ಪ್ರಾರಂಭವಾಯಿತು. ನಮ್ಮ ಹೆದ್ದಾರಿಯ ಗ್ಯಾರೇಜುಗಳಲ್ಲಿ ಮಾತ್ರವಲ್ಲ, ಮಲೆನಾಡಿನ ಕಾಫಿ ತೋಟಗಳ ಜೀಪುಗಳಿಗೂ, ಪಂಜಾಬು-ಹರಿಯಾಣಗಳ ಗಡಿಯ ಮಂಡಿ ಡಬ್ವಾಲಿಯಂತಹ ಜೀಪುಗಳ ಪೇಟೆಯಲ್ಲಿಯೂ ಇದೇ ಕೆಲಸ ನಡೆಯಿತು.

ಎರಡು ಎಂಜಿನುಗಳ ಸ್ವಭಾವ

ಪೆಟ್ರೋಲ್ ಎಂಜಿನು ಗಾಳಿ ಮತ್ತು ಇಂಧನದ ಮಿಶ್ರಣವನ್ನು ಒತ್ತಿ, ಕಿಡಿಯಿಂದ ಹೊತ್ತಿಸುತ್ತದೆ. ಡೀಸೆಲ್ ಎಂಜಿನಿನಲ್ಲಿ ಕಿಡಿಯೇ ಇಲ್ಲ. ಬರಿಯ ಗಾಳಿಯನ್ನು ಒಳಗೆಳೆದು, ಅದನ್ನು ಹದಿನಾರರಿಂದ ಇಪ್ಪತ್ತೆರಡರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತುತ್ತದೆ. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ಅದೇ ಕಾರಣದಿಂದ ಇಲ್ಲಿ ಗಾಳಿಯು ಐನೂರು ಡಿಗ್ರಿಗಿಂತ ಹೆಚ್ಚು ಕಾಯುತ್ತದೆ. ಆಗ ಸಿಂಪಡಿಸಿದ ಡೀಸೆಲು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರು 1897ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ಇದನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ಹೆಚ್ಚು ಒತ್ತುವುದರಿಂದ ಶಾಖದ ಹೆಚ್ಚಿನ ಪಾಲು ಕೆಲಸಕ್ಕೆ ಬರುತ್ತದೆ. ಜೊತೆಗೆ, ಒಂದು ಲೀಟರು ಡೀಸೆಲಿನಲ್ಲಿ ಪೆಟ್ರೋಲಿಗಿಂತ ನೂರಕ್ಕೆ ಸುಮಾರು ಹತ್ತರಷ್ಟು ಹೆಚ್ಚು ಶಕ್ತಿಯಿದೆ. ಉಳಿತಾಯದ ಗುಟ್ಟು ಇಷ್ಟೇ.

ಆದರೆ ಹೆಚ್ಚಿನ ಒತ್ತಡವನ್ನು ತಾಳಬೇಕಾದರೆ ಎಂಜಿನಿನ ಎರಕವು ದಪ್ಪವಾಗಿರಬೇಕು. ಅದರಿಂದ ಭಾರ ಹೆಚ್ಚು, ನಡುಕ ಹೆಚ್ಚು. ಹಳೆಯ ಡೀಸೆಲ್ ಎಂಜಿನುಗಳು ನಿಧಾನವಾಗಿ ತಿರುಗುವಂಥವು. ಪೆಟ್ರೋಲ್ ಜೀಪಿನ ಎಂಜಿನು ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ತಿರುಗಬಲ್ಲದು. ಟ್ರ್ಯಾಕ್ಟರಿನ ಎಂಜಿನು ಎರಡು ಸಾವಿರದ ಆಸುಪಾಸಿನಲ್ಲಿಯೇ ತನ್ನ ಕೆಲಸ ಮುಗಿಸುತ್ತದೆ. ಈ ಒಂದು ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಇದರಿಂದಲೇ ಹುಟ್ಟಿದುದು.

ಆ ದಿನಗಳಲ್ಲಿ ನಮ್ಮ ಕಡೆ ಸುಲಭವಾಗಿ ಸಿಗುತ್ತಿದ್ದ ಡೀಸೆಲ್ ಎಂಜಿನು 'ಬಿ-275' ಟ್ರ್ಯಾಕ್ಟರಿನದು. 1960ರ ದಶಕದಲ್ಲಿ ಇಂಟರ್‌ನ್ಯಾಶನಲ್ ಹಾರ್ವೆಸ್ಟರ್ ಕಂಪನಿಯ ಸಹಯೋಗದಿಂದ ಮುಂಬಯಿಯಲ್ಲಿ ಇದರ ತಯಾರಿಕೆ ಪ್ರಾರಂಭವಾಗಿತ್ತು. ನಾಲ್ಕು ಸಿಲಿಂಡರು, ಸುಮಾರು 2,350 ಸಿ.ಸಿ., ಸುಮಾರು 35 ಅಶ್ವಶಕ್ತಿ. ಮಹೀಂದ್ರದವರೇ ಮುಂದೆ ಇದೇ ವಂಶದ ಎಂಜಿನನ್ನು ತಮ್ಮ ಡೀಸೆಲ್ ಜೀಪುಗಳಿಗೆ ಹಾಕಿದರು. ಆಮೇಲೆ ಫ್ರಾನ್ಸಿನ ಪ್ಯೂಜೋ ಕಂಪನಿಯ ಒಪ್ಪಂದದಿಂದ 'ಎಕ್ಸ್.ಡಿ.ಪಿ. 4.90' ಎಂಬ 2,112 ಸಿ.ಸಿ.ಯ, 62 ಅಶ್ವಶಕ್ತಿಯ, ನಿಮಿಷಕ್ಕೆ 4,500 ಸುತ್ತಿನವರೆಗೆ ತಿರುಗುವ ಹಗುರ ಎಂಜಿನು ಬಂದಿತು. ಆದರೆ ನಮ್ಮ ತಂದೆಯವರ ಕೈಗೆ ಎಟುಕಿದ್ದು ಗುಜರಿಗೆ ಹೋಗಬೇಕಾಗಿದ್ದ ಒಂದು ಟ್ರ್ಯಾಕ್ಟರಿನ ಎಂಜಿನು ಮಾತ್ರ.

ಕೂರಿಸುವ ಕ್ರಮ

ಎಂಜಿನು ಬದಲಿಸುವುದೆಂದರೆ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸುವುದು ಎಂದು ಜನ ತಿಳಿಯುತ್ತಾರೆ. ವಾಸ್ತವವಾಗಿ ಅದು ಮನೆಗೆ ಹೊಸಬರು ಬಂದಂತೆ. ಮನೆಯ ಪ್ರತಿಯೊಬ್ಬರೂ ಸ್ವಲ್ಪ ಸ್ವಲ್ಪ ಸರಿದು ಜಾಗ ಕೊಡಬೇಕಾಗುತ್ತದೆ. ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು ಗೇರುಬಾಕ್ಸಿನ ಸಂಬಂಧ. ಎಂಜಿನಿನ ಬೆನ್ನಿನ ರಂಧ್ರಗಳು ಬೇರೆ, ಜೀಪಿನ ಗೇರುಬಾಕ್ಸಿನ ರಂಧ್ರಗಳು ಬೇರೆ. ಇವೆರಡರ ನಡುವೆ ಉಕ್ಕಿನ ಅಥವಾ ಬೀಡಿನ ಒಂದು ಫಲಕವನ್ನು ಲೇತಿನಲ್ಲಿ ತಯಾರಿಸಿ ಹಾಕಬೇಕು. ಗೇರುಬಾಕ್ಸಿನ ಮುಂದಿನ ಶಾಫ್ಟಿನ ತುದಿಯು ಎಂಜಿನಿನ ಕ್ರ್ಯಾಂಕ್ ಶಾಫ್ಟಿನ ಹಿಂಭಾಗದಲ್ಲಿರುವ ಸಣ್ಣ ಬೇರಿಂಗಿನೊಳಗೆ ಕೂರುತ್ತದೆ. ಈ ಎರಡು ಶಾಫ್ಟುಗಳ ಮಧ್ಯರೇಖೆ ಒಂದೇ ಆಗಿರಬೇಕು. ಕೂದಲೆಳೆಯಷ್ಟು ತಪ್ಪಿದರೂ ಕ್ಲಚ್ಚು ನಡುಗುತ್ತದೆ, ಬೇರಿಂಗು ಕೂಗುತ್ತದೆ, ಗೇರು ತಾನಾಗಿ ಜಾರುತ್ತದೆ.

ಎರಡನೆಯದು ಎತ್ತರ. ಎಂಜಿನಿನ ಕೆಳಗಿನ ಎಣ್ಣೆಯ ಚೇಂಬರು ಮತ್ತು ಮುಂದಿನ ಆಕ್ಸಲು ಒಂದರ ಮೇಲೊಂದು ಬರುತ್ತವೆ. ಜೀಪು ನಿಂತಾಗ ನಡುವೆ ಅಂತರವಿದ್ದರೆ ಸಾಲದು. ಗುಂಡಿಗೆ ಬಿದ್ದು ಪಟ್ಟಿಗಳು ಪೂರ್ತಿ ಕುಗ್ಗಿದಾಗಲೂ ಆಕ್ಸಲು ಚೇಂಬರಿಗೆ ತಗುಲಬಾರದು. ಮುಂದಿನ ಗಾಲಿಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟು ಎಂಜಿನಿನ ಬಲಮಗ್ಗುಲಲ್ಲೇ ಹಾದುಹೋಗುತ್ತದೆ. ಅದಕ್ಕೂ ದಾರಿ ಬಿಡಬೇಕು.

ಮೂರನೆಯದು ಭಾರ ಮತ್ತು ನಡುಕ. ಮುಂದಿನ ಪಟ್ಟಿಗಳಿಗೆ ಒಂದೆರಡು ಎಲೆಗಳನ್ನು ಸೇರಿಸಬೇಕು. ಎಂಜಿನನ್ನು ದಪ್ಪ ರಬ್ಬರುಗಳ ಮೇಲೆ ಕೂರಿಸಬೇಕು. ಇಲ್ಲವಾದರೆ ಕೆಲವು ತಿಂಗಳಲ್ಲಿ ಚಾಸಿಯೇ ಬಿರಿಯುತ್ತದೆ. ಭಾರ ಹೆಚ್ಚಾದರೂ ಬ್ರೇಕು ಮಾತ್ರ ಅದೇ ಹಳೆಯ ಒಂಬತ್ತು ಅಂಗುಲದ ಡ್ರಮ್ಮಿನದು ಎಂಬುದನ್ನು ಚಾಲಕನು ಮರೆಯಬಾರದು.

ನಾಲ್ಕನೆಯದು ವಿದ್ಯುತ್ತು. ಹಳೆಯ ಜೀಪುಗಳು ಆರು ವೋಲ್ಟಿನವು. ಡೀಸೆಲಿನ ಒತ್ತಡವನ್ನು ಎದುರಿಸಿ ಎಂಜಿನನ್ನು ತಿರುಗಿಸಲು ಹನ್ನೆರಡು ವೋಲ್ಟಿನ ದೊಡ್ಡ ಬ್ಯಾಟರಿಯೂ ಸ್ಟಾರ್ಟರೂ ಬೇಕು. ಚಳಿಗಾಲದ ಬೆಳಗಿನಲ್ಲಿ ಸಿಲಿಂಡರನ್ನು ಮೊದಲೇ ಕಾಯಿಸುವ ಹೀಟರ್ ಪ್ಲಗ್ಗುಗಳಿಗೂ ಅದೇ ಬ್ಯಾಟರಿ ಆಧಾರ.

ಐದನೆಯದು ಇಂಧನದ ದಾರಿ. ಪೆಟ್ರೋಲಿಗೆ ಟ್ಯಾಂಕಿನಿಂದ ಹೋಗುವ ಒಂದೇ ನಳಿಗೆ ಸಾಕು. ಡೀಸೆಲಿನಲ್ಲಿ ನಾಝಲುಗಳಿಂದ ಮಿಕ್ಕಿದ ಎಣ್ಣೆಯು ಹಿಂದಿರುಗಿ ಬರಲು ಎರಡನೆಯ ನಳಿಗೆ ಬೇಕು. ಸೋಸುಕವು ಉತ್ತಮವಾಗಿರಬೇಕು. ನಳಿಗೆಯಲ್ಲಿ ಒಂದು ಗುಳ್ಳೆ ಗಾಳಿ ಸೇರಿದರೂ ಎಂಜಿನು ನಿಲ್ಲುತ್ತದೆ. ಅದನ್ನು ಹೊರಗೆ ಬಿಡುವ ವಿಧಾನವನ್ನು ಚಾಲಕನು ಕಲಿತಿರಲೇಬೇಕು. ಇನ್ನೊಂದು ವಿಚಿತ್ರವೆಂದರೆ, ಕೀಲಿ ತಿರುಗಿಸಿದರೆ ಹಳೆಯ ಡೀಸೆಲು ನಿಲ್ಲುವುದಿಲ್ಲ. ಕಿಡಿಯೇ ಇಲ್ಲದಿರುವಾಗ ನಿಲ್ಲಿಸುವುದೇನನ್ನು? ಇಂಧನವನ್ನು ತಡೆಯುವ ತಂತಿಯೊಂದನ್ನು ಎಳೆದು ನಿಲ್ಲಿಸಬೇಕು.

ಆರನೆಯದು ನಿರ್ವಾತ. ಪೆಟ್ರೋಲ್ ಎಂಜಿನು ಗಾಳಿಯನ್ನು ಎಳೆಯುವಾಗ ಉಂಟಾಗುವ ನಿರ್ವಾತದಿಂದಲೇ ಕೆಲವು ಹಳೆಯ ಜೀಪುಗಳ ವೈಪರುಗಳು ಆಡುತ್ತಿದ್ದವು. ಬಹುತೇಕ ಡೀಸೆಲ್ ಎಂಜಿನುಗಳಲ್ಲಿ ಗಾಳಿಯ ದಾರಿಗೆ ತಡೆಯಿಲ್ಲ, ಆದುದರಿಂದ ನಿರ್ವಾತವೂ ಇಲ್ಲ. ಎಂಜಿನು ಬದಲಿಸಿದವನು ಮೊದಲ ಮಳೆಯಲ್ಲಿ ವೈಪರು ನಿಂತುದನ್ನು ಕಂಡು ಬೆರಗಾಗುತ್ತಾನೆ. ಅದಕ್ಕೆ ವಿದ್ಯುತ್ ಮೋಟಾರನ್ನು ಹಾಕಬೇಕು.

ಈ ಆರನ್ನೂ ಒಳ್ಳೆಯ ಮಿಸ್ತ್ರಿ ಕಣ್ಣಂದಾಜಿನಲ್ಲಿ ಮಾಡಿ ಮುಗಿಸಬಲ್ಲನು. ಏಳನೆಯದು ಕಣ್ಣಿಗೆ ಕಾಣುವುದಿಲ್ಲ. ಅದನ್ನು ಲೆಕ್ಕ ಮಾಡಿಯೇ ತಿಳಿಯಬೇಕು.

ಗಾಲಿಯ ಲೆಕ್ಕ

ಗೇರುಬಾಕ್ಸಿನಿಂದ ಬಂದ ಬಲವು ಆಕ್ಸಲಿನ ಮಧ್ಯದ ಉಂಡೆಯೊಳಗೆ ಒಂದು ಸಣ್ಣ ಹಲ್ಲುಚಕ್ರದಿಂದ ದೊಡ್ಡ ಹಲ್ಲುಚಕ್ರಕ್ಕೆ ಹೋಗುತ್ತದೆ. ಸಣ್ಣದಕ್ಕೆ ಪಿನಿಯನ್ ಎಂದೂ ದೊಡ್ಡದಕ್ಕೆ ಕ್ರೌನ್ ಎಂದೂ ಹೆಸರು. ಸಿ.ಜೆ.-3ಬಿ ಜೀಪಿನಲ್ಲಿ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43 ಹಲ್ಲು. 43ನ್ನು 8ರಿಂದ ಭಾಗಿಸಿದರೆ 5.375. ಅಂದರೆ ಶಾಫ್ಟು ಐದೂವರೆಗೆ ಸ್ವಲ್ಪ ಕಡಿಮೆ ಸುತ್ತು ತಿರುಗಿದಾಗ ಗಾಲಿಯು ಒಂದು ಸುತ್ತು ತಿರುಗುತ್ತದೆ. ಯುದ್ಧಕಾಲದ ಎಂ.ಬಿ. ಜೀಪಿನಲ್ಲಿ 8ಕ್ಕೆ 39 ಹಲ್ಲು. ಅದರ ನಿಷ್ಪತ್ತಿ 4.875.

ಜೀಪಿನ ಗಾಲಿಯ ಸುತ್ತಳತೆ ಸುಮಾರು 2.2 ಮೀಟರು. ಟಾಪ್ ಗೇರಿನಲ್ಲಿ ಎಂಜಿನಿನ ಸುತ್ತು ಹಾಗೆಯೇ ಶಾಫ್ಟಿಗೆ ಹೋಗುತ್ತದೆ. ಎಂಜಿನು ನಿಮಿಷಕ್ಕೆ 2,000 ಸುತ್ತು ತಿರುಗಿದರೆ, ಹಳೆಯ 5.375ರ ಆಕ್ಸಲಿನಲ್ಲಿ ಗಾಲಿಯು 372 ಸುತ್ತು ತಿರುಗುತ್ತದೆ. ಗಂಟೆಗೆ 49 ಕಿಲೋಮೀಟರು. ಪೆಟ್ರೋಲ್ ಎಂಜಿನಿಗೆ ಇದು ತೊಂದರೆಯಲ್ಲ, ಅದು ಇನ್ನೂ ವೇಗವಾಗಿ ತಿರುಗಬಲ್ಲದು. ಟ್ರ್ಯಾಕ್ಟರಿನ ಎಂಜಿನಿಗೆ ಮಾತ್ರ ಅದೇ ಕೊನೆಯ ಮೇರೆ. ಹೆದ್ದಾರಿಯಲ್ಲಿ ಲಾರಿಗಳೆಲ್ಲ ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದವು.

ಇದಕ್ಕೆ ಗ್ಯಾರೇಜಿನವರು ಒಂದು ಪರಿಹಾರ ಸೂಚಿಸಿದರು. ಗುಜರಿಯಲ್ಲಿ ಸೈನ್ಯದ ಹಳೆಯ ಜೀಪಿನ ಹಿಂದಿನ ಆಕ್ಸಲು ಇದೆ, ಅದನ್ನು ಹಾಕಿದರೆ ಓಟ ಹೆಚ್ಚುತ್ತದೆ ಎಂದರು. ಮುಂದಿನದನ್ನೂ ಬದಲಿಸಬೇಕೇ ಎಂದು ತಂದೆಯವರು ಕೇಳಿದಾಗ, ಬಲ ಹೋಗುವುದು ಹಿಂದಿನ ಗಾಲಿಗೆ ತಾನೇ, ಸುಮ್ಮನೆ ಖರ್ಚೇಕೆ ಎಂದರು. ಹಣ ಉಳಿಯುತ್ತದೆಂದು ತಂದೆಯವರೂ ಒಪ್ಪಿದರು. 4.875ರ ಆಕ್ಸಲಿನಿಂದ ವೇಗ 49ರಿಂದ 54 ಕಿಲೋಮೀಟರಿಗೆ ಏರಿತು. ಲಾಭವಾದದ್ದು ಗಂಟೆಗೆ ಐದು ಕಿಲೋಮೀಟರು. ಮೂರು ತಿಂಗಳು ಜೀಪು ಚೆನ್ನಾಗಿಯೇ ಓಡಿತು. ಲೀಟರಿಗೆ ಹನ್ನೆರಡು ಕಿಲೋಮೀಟರು ಬರುತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಸಂತೋಷ.

1985ರ ಮಾರ್ಚ್ ತಿಂಗಳು

ಆ ವರ್ಷ ನಾನು ಹತ್ತನೆಯ ತರಗತಿ. ಪರೀಕ್ಷಾ ಕೇಂದ್ರವು ಪಟ್ಟಣದಲ್ಲಿತ್ತು. ನಾರಾಯಣಖೇಡದ ಕಡೆಯ ನಮ್ಮ ಹಳ್ಳಿಯಿಂದಲೂ ಪಕ್ಕದ ಹಳ್ಳಿಯಿಂದಲೂ ಒಟ್ಟು ಆರು ಜನ ಹುಡುಗರನ್ನು ಪ್ರತಿದಿನ ತಂದೆಯವರು ಜೀಪಿನಲ್ಲಿ ಕರೆದೊಯ್ಯುತ್ತಿದ್ದರು. ವಿಜ್ಞಾನ ಪತ್ರಿಕೆಯ ಹಿಂದಿನ ರಾತ್ರಿ ಅಕಾಲದಲ್ಲಿ ಆಲಿಕಲ್ಲಿನ ಮಳೆ ಸುರಿಯಿತು. ಮುಂಜಾನೆ ಐದಕ್ಕೆ ಹೊರಟಾಗ ಹಳ್ಳದ ಎರಡೂ ದಡ ಕರಿಯ ಕೆಸರಾಗಿತ್ತು.

ತಂದೆಯವರು ಗೇರಿನ ಪಕ್ಕದ ಎರಡು ಸಣ್ಣ ಲಿವರುಗಳನ್ನು ಎಳೆದು ಮುಂದಿನ ಗಾಲಿಗಳಿಗೂ ಬಲ ಕೊಟ್ಟರು. ಡೀಸೆಲ್ ಎಂಜಿನು ಗುಡುಗುಡು ಎನ್ನುತ್ತ ಕೆಸರನ್ನು ದಾಟಿಸಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಲ್ಲಿಂದ ಮುಂದೆ ಮೊರಂ ದಿಬ್ಬ. ನೆಲ ಒದ್ದೆಯಾಗಿತ್ತೆಂದು ಅವರು ಲಿವರುಗಳನ್ನು ಹಾಗೆಯೇ ಬಿಟ್ಟರು. ಗಟ್ಟಿ ನೆಲ ಬಂದ ಕೂಡಲೇ ಜೀಪನ್ನು ಯಾರೋ ಹಿಂದಿನಿಂದ ಹಿಡಿದೆಳೆದಂತಾಯಿತು. ಸ್ಟೇರಿಂಗು ಕಲ್ಲಿನಂತೆ ಬಿಗಿಯಿತು. ದಿಬ್ಬದ ಅರ್ಧಕ್ಕೆ ಬರುವಷ್ಟರಲ್ಲಿ ಕೆಳಗಿನಿಂದ ಬಂದೂಕು ಹಾರಿಸಿದಂತೆ ಸದ್ದಾಯಿತು. ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು ಮುರಿದು, ಶಾಫ್ಟು ಬಡಿದು ಎಣ್ಣೆಯ ಚೇಂಬರು ಒಡೆದಿತ್ತು. ಕೆಂಪು ಮಣ್ಣಿನ ಮೇಲೆ ಕರಿಯ ಎಣ್ಣೆ ಹರಿಯುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಆರು ಕಿಲೋಮೀಟರು ನಡೆದೆವು, ಅರ್ಧ ಓಡಿದೆವು. ಆಮೇಲೆ ಕಬ್ಬಿನ ಲಾರಿಯೊಂದು ಸಿಕ್ಕಿತು. ಪರೀಕ್ಷಾ ಕೊಠಡಿಯನ್ನು ಸೇರಿದಾಗ ಮೂವತ್ತೈದು ನಿಮಿಷ ತಡವಾಗಿತ್ತು. ಒಳಗೆ ಬಿಟ್ಟರು, ಹೆಚ್ಚಿನ ಸಮಯ ಕೊಡಲಿಲ್ಲ, ಕೊಡುವ ನಿಯಮವೂ ಇರಲಿಲ್ಲ. ಐವರು ಹೇಗೋ ಪಾರಾದೆವು. ಆರನೆಯವನು ಆ ಒಂದು ಪತ್ರಿಕೆಯಲ್ಲಿ ಕೆಲವೇ ಅಂಕಗಳಿಂದ ಉಳಿದನು. ಅವನ ತಂದೆ ಕೂಲಿಕಾರರು. ಇನ್ನೊಮ್ಮೆ ಪರೀಕ್ಷೆಗೆ ಕಟ್ಟುವ ಮಾತು ಆ ಮನೆಯಲ್ಲಿ ಏಳಲಿಲ್ಲ. ಜೂನ್ ತಿಂಗಳಲ್ಲಿ ನಾವು ಕಾಲೇಜಿನ ಅರ್ಜಿ ತುಂಬುವಾಗ ಅವನು ತಾಂಡೂರಿನ ಕಲ್ಲಿನ ಗಣಿಗೆ ಕೆಲಸಕ್ಕೆ ಹೋದನು. ನಮ್ಮೆಲ್ಲರಿಗಿಂತ ಚೆನ್ನಾಗಿ ಲೆಕ್ಕ ಮಾಡುತ್ತಿದ್ದವನು ಅವನು.

ಕರಿಹಲಗೆಯ ಮೇಲೆ

ಡೀಸೆಲ್ ಎಂಜಿನಿನ ಬಲ ಹೆಚ್ಚಾಗಿ ಶಾಫ್ಟು ಮುರಿಯಿತು ಎಂದು ತಂದೆಯವರು ತಿಳಿದರು. ಗ್ಯಾರೇಜಿನವರು ನಸೀಬು ಎಂದರು. ನಮ್ಮ ಗಣಿತದ ಮೇಷ್ಟರು ಮಾತ್ರ ಸಮಾಚಾರ ಕೇಳಿ, "ಎರಡೂ ಆಕ್ಸಲಿನ ಹಲ್ಲು ಎಣಿಸಿದ್ದೀರಾ?" ಎಂದು ಕೇಳಿದರು. ರಜೆಯಲ್ಲಿ ನಾನು ಎರಡೂ ಉಂಡೆಗಳ ಮುಚ್ಚಳ ತೆಗೆದು, ಸೀಮೆಸುಣ್ಣದಿಂದ ಗುರುತು ಹಾಕಿ ಎಣಿಸಿದೆನು. ಮುಂದೆ 43, ಹಿಂದೆ 39.

ಮೇಷ್ಟರು ನನ್ನನ್ನು ಖಾಲಿ ತರಗತಿಗೆ ಕರೆದುಕೊಂಡು ಹೋಗಿ ಕರಿಹಲಗೆಯ ಮೇಲೆ ಬರೆದರು. ಗಾಲಿಯು ಒಂದು ಸುತ್ತು ತಿರುಗಬೇಕಾದರೆ ಮುಂದಿನ ಶಾಫ್ಟು 5.375 ಸುತ್ತು ತಿರುಗಬೇಕು, ಹಿಂದಿನದು 4.875. ವ್ಯತ್ಯಾಸ ಅರ್ಧ ಸುತ್ತು. ಎರಡು ಗಾಲಿಗಳ ಬಲದಲ್ಲಿ ಓಡುವಾಗ ಮುಂದಿನ ಶಾಫ್ಟಿಗೆ ಎಂಜಿನಿನ ಸಂಬಂಧವಿಲ್ಲ; ಅದು ತನ್ನ ಪಾಡಿಗೆ ತಿರುಗುತ್ತದೆ. ಆದುದರಿಂದಲೇ ಮೂರು ತಿಂಗಳು ಏನೂ ತಿಳಿಯಲಿಲ್ಲ. ನಾಲ್ಕೂ ಗಾಲಿಗಳಿಗೆ ಬಲ ಕೊಟ್ಟ ಕೂಡಲೇ ಎರಡು ಶಾಫ್ಟುಗಳೂ ಒಂದಕ್ಕೊಂದು ಬಿಗಿಯಲ್ಪಟ್ಟು ಒಂದೇ ವೇಗದಲ್ಲಿ ತಿರುಗಲೇಬೇಕು. ಆಗ ಹಿಂದಿನ ಗಾಲಿಗಳು ವೇಗವಾಗಿ ಹೋಗಬಯಸುತ್ತವೆ, ಮುಂದಿನವು ನಿಧಾನವಾಗಿ. ಒಂದು ಕಿಲೋಮೀಟರಿಗೆ ಗಾಲಿಯು ಸುಮಾರು 454 ಸುತ್ತು ತಿರುಗುತ್ತದೆ; ಶಾಫ್ಟುಗಳ ಲೆಕ್ಕದಲ್ಲಿ 227 ಸುತ್ತುಗಳ ಜಗಳ. ಕೆಸರಿನಲ್ಲಿ ಗಾಲಿ ಜಾರಿ ಆ ಜಗಳ ಕರಗುತ್ತದೆ. ಗಟ್ಟಿ ನೆಲದಲ್ಲಿ ಜಾರಲು ಅವಕಾಶವಿಲ್ಲ. ಎಲ್ಲಿ ದುರ್ಬಲವೋ ಅಲ್ಲಿ ಮುರಿಯುತ್ತದೆ. ಎಂಜಿನಿನ ತಪ್ಪೇನೂ ಇರಲಿಲ್ಲ.

"ಎರಡು ನಿಷ್ಪತ್ತಿಗಳು ಸಮವಾಗಿಲ್ಲದಿದ್ದರೆ ನಡುವೆ ಸಮ ಚಿಹ್ನೆ ಹಾಕಬಾರದು ಎಂದು ಏಳನೆಯ ತರಗತಿಯಲ್ಲಿ ಹೇಳಿರಲಿಲ್ಲವೇ?" ಎಂದರು ಮೇಷ್ಟರು. ಆ ಲಿವರನ್ನು ಎಳೆಯುವುದೆಂದರೆ ಸಮ ಚಿಹ್ನೆ ಹಾಕುವುದೇ ಎಂದು ಅಂದು ನನಗೆ ಹೊಳೆಯಿತು. ನಾನು ಕಾಲೇಜಿಗೆ ಹೋಗದೆ ಐ.ಟಿ.ಐ. ಸೇರಿದುದಕ್ಕೆ ಆ ಸಂಜೆಯೇ ಕಾರಣ. ನಾವು ಹಳೆಯ ಹಿಂದಿನ ಆಕ್ಸಲನ್ನೇ ಮರಳಿ ಹಾಕಿದೆವು. ಗಂಟೆಗೆ 49 ಕಿಲೋಮೀಟರಿನಲ್ಲಿಯೇ ಆ ಜೀಪು ಇನ್ನೂ ಹದಿನಾರು ವರ್ಷ ದುಡಿಯಿತು.

ಪರೀಕ್ಷಿಸುವ ಬಗೆ

ಹಳೆಯ ಜೀಪನ್ನು ಕೊಳ್ಳುವವರು ಉಂಡೆಯನ್ನು ಬಿಚ್ಚದೆಯೂ ಇದನ್ನು ಪರೀಕ್ಷಿಸಬಹುದು. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನೆಲದ ಮೇಲಿರುವ ಗಾಲಿಗಳಿಗೆ ಕಲ್ಲು ಕೊಟ್ಟು, ಗೇರುಗಳನ್ನು ನ್ಯೂಟ್ರಲ್ಲಿಗೆ ತಂದು, ಹಿಂದಿನ ಒಂದು ಗಾಲಿಯನ್ನು ಮಾತ್ರ ಜಾಕಿನಿಂದ ಎತ್ತಬೇಕು. ಕೈಬ್ರೇಕು ಹಾಕಿರಬಾರದು. ಗಾಲಿಗೂ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ ಗಾಲಿಯನ್ನು ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಇನ್ನೊಂದು ಗಾಲಿ ನೆಲಕ್ಕೆ ಹತ್ತಿ ನಿಂತಿರುವುದರಿಂದ ಎರಡು ಸುತ್ತಿಗೆ ಕ್ರೌನು ಒಂದೇ ಸುತ್ತು ತಿರುಗುತ್ತದೆ. ಅಷ್ಟರಲ್ಲಿ ಶಾಫ್ಟು ಎಷ್ಟು ಸುತ್ತು ತಿರುಗಿತೋ ಅದೇ ಆ ಆಕ್ಸಲಿನ ನಿಷ್ಪತ್ತಿ. ಮುಂದಿನ ಆಕ್ಸಲಿಗೂ ಹೀಗೆಯೇ ಮಾಡಬೇಕು. ಎರಡೂ ಒಂದೇ ಬಂದರೆ ಸರಿ. ಅರ್ಧ ಸುತ್ತು ಹೆಚ್ಚು ಕಡಿಮೆಯಾದರೂ ನಾಲ್ಕು ಗಾಲಿಗಳ ಲಿವರನ್ನು ಮುಟ್ಟಬಾರದು. ಹತ್ತು ನಿಮಿಷದ ಕೆಲಸ, ಖರ್ಚು ಒಂದು ಸೀಮೆಸುಣ್ಣ.

ವೇಗ ಬೇಕಾದವರು ಎರಡೂ ಆಕ್ಸಲುಗಳನ್ನು ಒಟ್ಟಿಗೆ ಬದಲಿಸಬೇಕು. ಇಲ್ಲವೇ ಹಳೆಯ ಆಕ್ಸಲಿಗೆ ಹೊಂದುವ ಎಂಜಿನನ್ನು ಆರಿಸಬೇಕು. ಪ್ಯೂಜೋ ಎಂಜಿನು 3,500 ಸುತ್ತಿನಲ್ಲಿ ಆಯಾಸವಿಲ್ಲದೆ ಓಡುವುದರಿಂದ 5.375ರ ಆಕ್ಸಲಿನಲ್ಲಿಯೂ ಗಂಟೆಗೆ 85 ಕಿಲೋಮೀಟರು ಮುಟ್ಟುತ್ತದೆ.

ಇಂದಿನ ಮಾತು

ಈಗ ಕಾಲ ಬದಲಾಗಿದೆ. 1980ರ ದಶಕದಲ್ಲಿ ಹೈದರಾಬಾದ್ ಆಲ್ವಿನ್ ಸಂಸ್ಥೆಯು ಜಪಾನಿನ ನಿಸಾನ್ ಕಂಪನಿಯೊಡನೆ ಸೇರಿ ಜಹೀರಾಬಾದಿನಲ್ಲಿ ಹಗುರ ಡೀಸೆಲ್ ಟ್ರಕ್ಕುಗಳ ಕಾರ್ಖಾನೆ ತೆರೆಯಿತು. ಮುಂದೆ ಅದು ಮಹೀಂದ್ರದವರ ಕೈಸೇರಿತು. ಈಗ ಜಹೀರಾಬಾದಿನಲ್ಲಿ ಅವರ ಟ್ರ್ಯಾಕ್ಟರುಗಳು ತಯಾರಾಗುತ್ತವೆ. 2014ರ ಅಕ್ಟೋಬರಿನಲ್ಲಿ ಡೀಸೆಲಿನ ಬೆಲೆಯ ಮೇಲಿನ ಸರ್ಕಾರದ ನಿಯಂತ್ರಣ ಹೋದ ಮೇಲೆ ಪೆಟ್ರೋಲಿಗೂ ಡೀಸೆಲಿಗೂ ಹಿಂದಿನ ಅಂತರ ಉಳಿದಿಲ್ಲ.

ಕಾನೂನೂ ಬಿಗಿಯಾಗಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮನ್ನು 2000ರಲ್ಲಿ ತಿದ್ದಿದ ಮೇಲೆ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಸ್ಪಷ್ಟಪಡಿಸಿತು. ಅನುಮತಿಯುಳ್ಳ ಬದಲಾವಣೆಯನ್ನು ಸಹ ನೋಂದಣಿ ಪತ್ರದಲ್ಲಿ ದಾಖಲು ಮಾಡಿಸಬೇಕು. ಆದುದರಿಂದ ಇಂದು ಈ ಕೆಲಸಕ್ಕೆ ಕೈಹಾಕುವವರು ಪಾನೆ ಹಿಡಿಯುವ ಮೊದಲು ಸಾರಿಗೆ ಕಚೇರಿಗೆ ಹೋಗಿ ವಿಚಾರಿಸಬೇಕು. ದಾಖಲೆಗೆ ಹೊಂದದ ಎಂಜಿನಿರುವ ವಾಹನಕ್ಕೆ ಅಪಘಾತವಾದರೆ ವಿಮೆಯ ಹಣಕ್ಕೂ ತೊಡಕಾಗಬಹುದು.

ನನ್ನ ಗ್ಯಾರೇಜಿನಲ್ಲಿ ಈಗ ಎಂಜಿನು ಬದಲಿಸುವ ಕೆಲಸವಿಲ್ಲ. ಹಿಂದೆ ಬದಲಾದ ಜೀಪುಗಳು ದುರಸ್ತಿಗೆ ಬರುತ್ತವೆ. ಯಾವುದೇ ಜೀಪು ಬಂದರೂ ಮೊದಲು ಗಾಲಿಗೆ ಸೀಮೆಸುಣ್ಣದ ಗುರುತು ಹಾಕುತ್ತೇನೆ. ಕೆಲಸ ಕಲಿಯುವ ಹುಡುಗರು ನಗುತ್ತಾರೆ. ನಾನು ಅವರಿಗೆ ಆರನೆಯ ಹುಡುಗನ ಮಾತು ಹೇಳುತ್ತೇನೆ. ತಪ್ಪು ಮಾಡಿದವರು ದೊಡ್ಡವರು. ಬೆಲೆ ತೆತ್ತವನು ಹಿಂದಿನ ಸೀಟಿನಲ್ಲಿ ಪುಸ್ತಕ ಹಿಡಿದು ಕುಳಿತಿದ್ದವನು. ಆ ಗೆಳೆಯನ ಮಗಳು ಇದೇ ಶಾಲೆಯಲ್ಲಿ ಓದಿ ಹತ್ತನೆಯ ತರಗತಿ ಮುಗಿಸಿದಳು. ಪರೀಕ್ಷೆಯ ದಿನಗಳಲ್ಲಿ ಅವಳನ್ನು ಕೇಂದ್ರಕ್ಕೆ ಬಿಟ್ಟುಬರುವ ಭಾಗ್ಯ ನನ್ನದಾಗಿತ್ತು. ಪ್ರತಿದಿನವೂ ಅರ್ಧ ಗಂಟೆ ಮೊದಲೇ ಮುಟ್ಟಿಸಿದೆನು.

ಕನ್ನಡದಲ್ಲಿ ಲೆಕ್ಕ ಕಲಿತರೆ ಮುಂದೆ ಏನು ಉಪಯೋಗ ಎಂದು ನಮ್ಮ ಗಡಿಭಾಗದಲ್ಲಿ ಕೇಳುವವರು ಇಂದಿಗೂ ಇದ್ದಾರೆ. ನಿಷ್ಪತ್ತಿ ಎಂಬ ಮಾತನ್ನು ನಾನು ಕಲಿತದ್ದು ಕನ್ನಡದಲ್ಲಿ. ಮೂವತ್ತು ವರ್ಷ ನನಗೆ ಅನ್ನ ಕೊಟ್ಟಿದ್ದು ಅದೇ ಮಾತು. ಆ ಕರಿಹಲಗೆ, ಆ ಸೀಮೆಸುಣ್ಣ ನಮ್ಮ ಶಾಲೆಯಲ್ಲಿ ಚಿರಕಾಲ ಉಳಿಯಲಿ ಎಂದು ಹಾರೈಸುತ್ತೇನೆ.